ಕೆಳಗಿನ ಖಾನೆಯ ಕವಿತೆಗಳು

ಹಾವೇರಿ ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಸಿಗುವ ಒಂದು ಪುಸ್ತಕದ ಅಂಗಡಿ. ಹೆಸರು ಹೇಳಲ್ಲ. ಅಂಗಡಿ ಕಾಕಾ ಮೊದಲೇ ತಾಕೀತು ಮಾಡಿದ್ದಾರೆ: "ನನ್ನ ಹೆಸರು, ಅಂಗಡಿ ಹೆಸರು ಎರಡೂ ಹಾಕಬ್ಯಾಡ ತಮ್ಮಾ. ನಾಳೆ ಜಿಲ್ಲಾದಾಗಿನ ಕವಿಗಳೆಲ್ಲಾ ಬಂದು ನನ್ನ ಕೂಡ ಜಗಳಾ ತಗೀತಾರ." ಹಾಗಾಗಿ ಇಲ್ಲಿ ಅವರು ಬರೀ ಕಾಕಾ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಗಣಿತದ ಗೈಡಿಗೆ ಅಂತ ಅಪ್ಪ ಕೊಟ್ಟ ದುಡ್ಡಿನಲ್ಲಿ ಇದೇ ಅಂಗಡಿಯಿಂದ ತೇಜಸ್ವಿಯವರ 'ಕರ್ವಾಲೊ' ತಗೊಂಡು ಊರಿನ ಬಸ್ಸು ಹತ್ತಿದ್ದೆ. ಗಣಿತದಲ್ಲಿ ಕಡಿಮೆ ಬಿತ್ತು. ಆಮೇಲೆ ಬಿಇ ಆಯ್ತು, ಬೆಂಗಳೂರಾಯ್ತು, ಅದು ಬೇರೆ ಕತೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಕಾಕಾ ಫೋನ್ ಮಾಡಿದರು. "ಬಂದೀಯಂತಲ್ಲ, ಅಂಗಡಿಗೆ ಬಂದು ಹೋಗು. ನಿನ್ನ ಮಾಲು ಐತಿ." ನನ್ನ ಮಾಲು ಅಂದ್ರೆ ನನ್ನ ಕವನ ಸಂಕಲನ. ಮೂರು ವರ್ಷದ ಹಿಂದೆ ಕೈಯಿಂದ ದುಡ್ಡು ಹಾಕಿ 300 ಪ್ರತಿ ಮಾಡಿಸಿದ್ದೆ. ಅದರಲ್ಲಿ 25 ಕಾಕಾನ ಅಂಗಡಿಯಲ್ಲಿ ಇಟ್ಟಿದ್ದೆ, ಬೆಲೆ 120 ರೂಪಾಯಿ. ಕಾಕಾ ಹಳೇ ಲೆಕ್ಕದ ಬುಕ್ಕು ತೆಗೆದು ತೋರಿಸಿದರು. ಮೂರು ವರ್ಷದಲ್ಲಿ ನಾಲ್ಕು ಹೋಗಿವೆ. ಒಂದು ಡಿಗ್ರಿ ಕಾಲೇಜಿನ ಲೆಕ್ಚರರ್ ಒಬ್ಬರು ಒಯ್ದಿದ್ದು. ಎರಡು ನನ್ನ ಚಿಕ್ಕಪ್ಪನ ಮಗ ಒಯ್ದಿದ್ದು, ಅದೂ ಕಾಕಾನ ಒತ್ತಾಯಕ್ಕೆ. ನಾಲ್ಕನೆಯದು ಪಿಡಿಒ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗಿ ಒಯ್ದದ್ದು. ಅದು ಅರ್ಧ ಬೆಲೆಗೆ ವಾಪಸ್ ಬಂದಿದೆ.

"ಯುಗಾದಿಗೆ ಈ ಕೆಳಗಿನ ಖಾನೆ ತಗೀತೇನಿ" ಅಂದರು ಕಾಕಾ. "ಕೆಎಎಸ್, ಎಫ್‌ಡಿಎ ಪುಸ್ತಕ ಇಡಾಕ ಜಾಗಾ ಸಾಲವಲ್ದು. ಕವಿತಾ ಎಲ್ಲಾ ಗಂಟು ಕಟ್ಟಿ ಅಟ್ಟಕ್ಕ ಹಾಕೂದು. ನಿನ್ನವು ನೀ ಒಯ್ದರ ಅಟ್ಟದ ಜಾಗಾನೂ ಉಳೀತೈತಿ."

ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ. ಫೇಸ್‌ಬುಕ್ಕಿನಲ್ಲಿ ಹಾಕಿದಾಗ ಇದೇ ಕವಿತೆಗಳಿಗೆ ಜನ ಹೃದಯ ಒತ್ತಿದ್ದೇ ಒತ್ತಿದ್ದು. "ಕಾಕಾ, ನೀವು ಓದೀರೇನು ಅದನ್ನ?" ಅಂದೆ. ಅವರು ನಕ್ಕರು. "ನನ್ನ ಅಂಗಡ್ಯಾಗ ಇಟ್ಟಿದ್ದನ್ನ ಓದದ ಹೆಂಗ ಮಾರಲಿ? ಎಲ್ಲಾ ಓದೇನಿ. ಅದಕ್ಕ ಅಟ್ಟಕ್ಕ ಹಾಕಾಕ್ಹತ್ತೇನಿ."

ಆಮೇಲೆ ಅವರು ಮಾಡಿದ ಕೆಲಸ ನನಗೆ ಯಾವ ವಿಮರ್ಶಾ ಗೋಷ್ಠಿಯಲ್ಲೂ ಸಿಕ್ಕಿಲ್ಲ. ಕೆಳಗಿನ ಖಾನೆಯಲ್ಲಿದ್ದ ಇತ್ತೀಚಿನ ಸಂಕಲನಗಳನ್ನು ಒಂದೊಂದಾಗಿ ತೆಗೆದು ಗಲ್ಲಾಪೆಟ್ಟಿಗೆ ಪಕ್ಕ ಜೋಡಿಸುತ್ತಾ ಹೋದರು. ಜೋಡಿಸುವಾಗ ಒಂದೊಂದು ಪುಟ ತೆರೆದು ತೋರಿಸಿದರು. ಹನ್ನೊಂದು ಪುಸ್ತಕ. ಹನ್ನೊಂದರಲ್ಲೂ ಅವ್ವ ಕಟ್ಟಿಗೆ ಒಲೆ ಮುಂದೆ ಕೂತು ರೊಟ್ಟಿ ಬಡೀತಾಳೆ. ಹನ್ನೊಂದರಲ್ಲೂ ಹೊಗೆಗೆ ಅವಳ ಕಣ್ಣಲ್ಲಿ ನೀರು. ಹನ್ನೊಂದರಲ್ಲೂ ಆ ನೀರು ಹೊಗೆಯದ್ದಲ್ಲ, ಬೇರೆ ಏನೋ ದುಃಖದ್ದು ಅಂತ ಕೊನೆಯಲ್ಲಿ ಗೊತ್ತಾಗುತ್ತದೆ. ಹನ್ನೊಂದನೆಯ ಪುಸ್ತಕ ನನ್ನದು.

"ನಿಮ್ಮವ್ವ ಈಗೂ ರೊಟ್ಟಿ ಬಡೀತಾಳೇನು?" ಕೇಳಿದರು.

ಇಲ್ಲ. ಅವ್ವನಿಗೆ ಮೊಣಕಾಲು ನೋವು. ಎರಡು ವರ್ಷದಿಂದ ನಮ್ಮ ಮನೆಗೆ ರೊಟ್ಟಿ ಕೇಂದ್ರದಿಂದ ಕಟಕ ರೊಟ್ಟಿ ಬರುತ್ತದೆ. ಮನೆಯಲ್ಲಿ ಗ್ಯಾಸ್ ಬಂದು ಹತ್ತು ವರ್ಷದ ಮೇಲಾಯ್ತು. ಅವ್ವ ಸಂಜೆ ಏಳಕ್ಕೆ ಧಾರಾವಾಹಿ ಹಚ್ಚುತ್ತಾಳೆ, ಮಂಗಳವಾರ ಸಂಘದ ಕಂತು ಕಟ್ಟುತ್ತಾಳೆ, ಸಂಘದಲ್ಲಿ ಯಾರು ಕಂತು ತಪ್ಪಿಸಿದರು ಅಂತ ನನಗೆ ವಾಟ್ಸಪ್ಪಿನಲ್ಲಿ ಎರಡೆರಡು ನಿಮಿಷದ ವಾಯ್ಸ್ ಮೆಸೇಜು ಕಳಿಸುತ್ತಾಳೆ. ಅವಳ ಬೈಗುಳ ಕೇಳಿದರೆ ನಿಮಗೆ ಕವಿತೆ ಮರೆತು ಹೋಗುತ್ತದೆ. ಇದ್ಯಾವುದೂ ನನ್ನ ಪುಸ್ತಕದಲ್ಲಿ ಇಲ್ಲ. ನನ್ನ ಪುಸ್ತಕದ ಅವ್ವ ಒಂದೂ ಮಾತು ಆಡಲ್ಲ. ಬಡೀತಾಳೆ, ಕಣ್ಣು ಒರೆಸಿಕೊಳ್ತಾಳೆ, ಅಷ್ಟೇ.

ಕಾಕಾನ ಮಾತು ಹೀಗಿತ್ತು: "ನೀವೆಲ್ಲಾ ಊರು ಬಿಟ್ಟ ದಿನಾ ಊರಿನ ಫೋಟೋ ತಗೊಂಡು ಹೋಗೀರಿ. ಅದನ್ನ ನೋಡಿಕೋಂತ ಬರೀತೀರಿ. ನನ್ನ ಗಿರಾಕಿ ಇಲ್ಲೇ ಇರಾಂವ. ಅಂವಗ ಈ ಊರು ಯಾವೂರು ಅಂತನ ಗೊತ್ತಾಗೂದಿಲ್ಲ. ಹಂಗಾದ ಮ್ಯಾಲೆ 120 ರೂಪಾಯಿ ಯಾಕ ಕೊಡ್ತಾನ?"

ಹೊಸ ಕವಿತೆ ಓದುವವರಿಲ್ಲ ಅನ್ನುವ ದೂರಿಗೆ ನಾವು ಬೇರೆ ಬೇರೆ ಕಾರಣ ಕೊಡುತ್ತೇವೆ. ಮೊಬೈಲು, ಇಂಗ್ಲಿಷ್ ಮೀಡಿಯಮ್ಮು, ಛಂದಸ್ಸು ಬಿಟ್ಟಿದ್ದು, ಅರ್ಥ ಆಗದಂತೆ ಬರೆಯುವುದು. ಇವೆಲ್ಲ ಸ್ವಲ್ಪ ಸ್ವಲ್ಪ ನಿಜ ಇರಬಹುದು. ಆದರೆ ಕಾಕಾ ಇಟ್ಟ ಬೆರಳು ಬೇರೆ ಜಾಗದಲ್ಲಿದೆ. ಈ ಪದ್ಯಗಳು ಅರ್ಥ ಆಗುತ್ತವೆ, ಪೂರಾ ಅರ್ಥ ಆಗುತ್ತವೆ. ಮೊದಲ ಸಾಲಿಗೇ ಕೊನೆಯ ಸಾಲು ಗೊತ್ತಾಗುತ್ತದೆ. ನನಗೆ ಆಗ ನೆನಪಾಗಿದ್ದು ನಮ್ಮ ಆಫೀಸು. ಹೊಸ ಹುಡುಗರು ಹಳೇ ಪ್ರಾಜೆಕ್ಟಿನಿಂದ ಕೋಡನ್ನು ಕಾಪಿ ಮಾಡಿ ತಂದು ಹಾಕುತ್ತಾರೆ. ಅದು ಓಡುತ್ತದೆ, ಎರರ್ ಬರಲ್ಲ, ಟೆಸ್ಟೂ ಪಾಸಾಗುತ್ತದೆ. ಆದರೆ ಅದು ಕರೆಯುತ್ತಿರುವ ಡೇಟಾಬೇಸೇ ಈಗ ಇಲ್ಲ.

ಆಫೀಸಿನಲ್ಲಾದರೆ ಕೋಡ್ ರಿವ್ಯೂ ಅಂತ ಒಂದು ಇದೆ. ನಾನು ಬರೆದದ್ದನ್ನು ಇನ್ನೊಬ್ಬ ನೋಡಿ, ಇಲ್ಲಿ ತಪ್ಪು, ಅಲ್ಲಿ ದಂಡ ಅಂತ ಕೆಂಪು ಗೆರೆ ಎಳೆಯದೆ ಒಂದು ಸಾಲೂ ಮುಂದೆ ಹೋಗಲ್ಲ. ಸೋಮಾರಿ ರಿವ್ಯೂವರ್ ಇದ್ದರೆ ಮಾತ್ರ ನಾಲ್ಕಕ್ಷರ ಬರೆದು ಬಿಡುತ್ತಾನೆ: ಎಲ್‌ಜಿಟಿಎಮ್. ಲುಕ್ಸ್ ಗುಡ್ ಟು ಮಿ. ನಮ್ಮ ಕವನ ಸಂಕಲನಗಳ ಮುನ್ನುಡಿಗಳು ಬಹುಪಾಲು ಈ ಎಲ್‌ಜಿಟಿಎಮ್. 'ಭರವಸೆಯ ಕವಿ', 'ಮಣ್ಣಿನ ವಾಸನೆಯ ಕವಿತೆಗಳು', 'ಇವರಿಂದ ಇನ್ನಷ್ಟು ನಿರೀಕ್ಷಿಸಬಹುದು'. ನನ್ನ ಪುಸ್ತಕದ ಮುನ್ನುಡಿಯಲ್ಲೂ ಮಣ್ಣಿನ ವಾಸನೆ ಇದೆ, ಬೆನ್ನುಡಿಯಲ್ಲೂ ಇದೆ. ಬರೆದವರ ಮೇಲೆ ನನಗೆ ಬೇಸರ ಇಲ್ಲ. ನಾನೇ ಕೇಳಿ ಬರೆಸಿಕೊಂಡಿದ್ದು. ಮೂರು ದಿನದಲ್ಲಿ ಬೇಕು ಅಂತ ಕೇಳಿದ್ದೂ ನಾನೇ.

ಅಂಗಡಿಯ ಕೆಲಸ ಅವತ್ತಿಗೆ ಮುಗಿಯಲಿಲ್ಲ. ಕಾಕಾ ಬ್ಯಾಡಗಿಯ ಒಂದು ಶಾಲೆಗೆ, ರಾಣೇಬೆನ್ನೂರಿನ ಒಂದು ಕಾಲೇಜಿಗೆ ಪುಸ್ತಕ ಮುಟ್ಟಿಸಬೇಕಿತ್ತು. "ಬಾ, ಓಮ್ನಿಯೊಳಗ ಜಾಗಾ ಐತಿ. ಗಂಟು ಇಳಸಾಕ ಒಂದು ಆಳಾದಂಗಾತು" ಅಂದರು. ಹೊರಟೆ. ನನ್ನ 22 ಪುಸ್ತಕಗಳ ಡಬ್ಬವನ್ನೂ ಹಿಂದೆ ಇಟ್ಟುಕೊಂಡಿದ್ದರು.

ಹೈವೇ ಹಿಡಿದ ಮೇಲೆ ಗಳಗನಾಥರ ಮಾತು ಬಂತು. ಈ ಭಾಗದಲ್ಲಿ ಪುಸ್ತಕದ ವ್ಯಾಪಾರ ಮಾಡುವ ಯಾರ ಹತ್ತಿರ ಕೂತರೂ ಅವರ ಮಾತು ಬಂದೇ ಬರುತ್ತದೆ. ವೆಂಕಟೇಶ ತಿರಕೊ ಕುಲಕರ್ಣಿ, 1869ರಿಂದ 1942. ವರದಾ ನದಿ ತುಂಗಭದ್ರೆಗೆ ಸೇರುವ ಗಳಗನಾಥ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡವರು. ಹಾವೇರಿ ಹತ್ತಿರದ ಅಗಡಿಯಿಂದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ನಡೆಸಿದವರು. 'ಮಾಧವ ಕರುಣಾ ವಿಲಾಸ', 'ಕನ್ನಡಿಗರ ಕರ್ಮಕಥೆ' ಬರೆದು, ಆ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಮರಾಠಿ ಓದುತ್ತಿದ್ದ ಮನೆಗಳಲ್ಲಿ ಕನ್ನಡದ ಕಾದಂಬರಿ ಇಟ್ಟು ಬಂದವರು. ವೇದಿಕೆ ಮೇಲೆ ಇದನ್ನು ನಾವು ತ್ಯಾಗದ ಕತೆಯಾಗಿ ಹೇಳುತ್ತೇವೆ. ಕಾಕಾ ಅದನ್ನು ವ್ಯಾಪಾರದ ಕತೆಯಾಗಿ ಹೇಳಿದರು. "ಒಂದು ಊರಾಗ ಪುಸ್ತಕ ಮಾರಿ, ಮತ್ತ ಅದ ಊರಿಗೆ ಹೋಗಬೇಕಂದ್ರ ಪುಸ್ತಕ ಚಲೋ ಇರಬೇಕು. ಇಲ್ಲಂದ್ರ ಬಾಗಲಾ ಹಾಕ್ಕೋತಾರ. ಬರದಾಂವನ ಹೊತ್ತು ಮಾರಿದರ ಮುನ್ನುಡಿ ಬೇಕಾಗೂದಿಲ್ಲ."

ಈಗಿನ ಕವಿ ತನ್ನ ಪುಸ್ತಕ ಹೊತ್ತು ಬಾಗಿಲು ಬಡಿಯಬೇಕಾಗಿಲ್ಲ. ಚೊಚ್ಚಲ ಕೃತಿಗೆ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹ ಧನ ಇದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಇದೆ, ಪುಟಕ್ಕಿಷ್ಟು ಅಂತ ಲೆಕ್ಕ ಹಾಕಿ ಕೊಳ್ಳುತ್ತಾರೆ. ಈ ವ್ಯವಸ್ಥೆ ಇಲ್ಲದಿದ್ದರೆ ಎಷ್ಟೋ ಒಳ್ಳೆ ಪುಸ್ತಕ ಬರುತ್ತಲೇ ಇರಲಿಲ್ಲ, ಅದನ್ನು ಬೈಯುವ ಉದ್ದೇಶ ನನಗಿಲ್ಲ. ಆದರೆ ಓದುಗನ ಮುಖ ನೋಡದೆ ಪುಸ್ತಕ ಮುಗಿದು ಹೋಗುವ ದಾರಿ ಒಂದಿದೆ ಅನ್ನುವುದು ಬರವಣಿಗೆಗೂ ಗೊತ್ತಾಗಿಬಿಟ್ಟಿದೆ. ಅದು ಸಾಲು ಸಾಲಿನಲ್ಲಿ ಕಾಣುತ್ತದೆ. ಎದುರಿಗೆ ಯಾರೋ ಕೂತಿದ್ದಾರೆ, ಅವರು ಎದ್ದು ಹೋಗಬಹುದು ಅನ್ನುವ ಅಂಜಿಕೆ ಇಲ್ಲ.

ಮೋಟೆಬೆನ್ನೂರಿನಲ್ಲಿ ಬಲಕ್ಕೆ ಹೊರಳಿ ಬ್ಯಾಡಗಿ ಮುಟ್ಟುವ ಮೊದಲೇ ಮೂಗಿಗೆ ಗೊತ್ತಾಯ್ತು. ಸೀಜನ್ನು. ಮಾರ್ಕೆಟ್ಟಿನ ಹಾದಿ ತುಂಬಾ ಕೆಂಪು ಚೀಲ ಹೇರಿದ ಲಾರಿ. ಬ್ಯಾಡಗಿಯಲ್ಲಿ ಕತೆ ಕವಿತೆ ಮಾರುವ ಅಂಗಡಿ ಅಂತ ಬೇರೆ ಇಟ್ಟುಕೊಂಡವರು ನನ್ನ ಕಣ್ಣಿಗೆ ಬಿದ್ದಿಲ್ಲ. ಸ್ಟೇಶನರಿ ಅಂಗಡಿಗಳಲ್ಲಿ ಲೆಕ್ಕದ ಬುಕ್ಕು, ನೋಟ್‌ಬುಕ್ಕು, ಕ್ಯಾಲೆಂಡರು, ಒಂದು ಮೂಲೆಯಲ್ಲಿ ಸರ್ವಜ್ಞನ ವಚನ, ಶರೀಫರ ತತ್ವಪದ. ಕಾಕಾ ಅಲ್ಲೊಂದು ಅಂಗಡಿಗೆ ಪ್ರತಿ ವರ್ಷ ಶರೀಫರ ಪದಗಳ ಪುಸ್ತಕ ಕೊಡುತ್ತಾರಂತೆ, ಒಂದೂ ವಾಪಸ್ ಬರಲ್ಲವಂತೆ. ಕವಿತೆ ಮಾರಾಟ ಆಗಲ್ಲ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಶಿಶುನಾಳದ ಜಾತ್ರೆಗೆ ಹೋಗಿ ನೋಡಿ, ಭಜನಾ ಮೇಳದವರು ಕೊಳ್ಳುವುದು ಕವಿತೆಯನ್ನೇ. ಇದೇ ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿ ಕನಕದಾಸರ ಕೀರ್ತನೆಯ ಪುಸ್ತಕ ಕೊಳ್ಳುವವರೂ ಕವಿತೆಯನ್ನೇ ಕೊಳ್ಳುವುದು.

"ಅದು ಭಕ್ತಿ ಕಾಕಾ, ಕವಿತಾ ಅಂತ ಯಾರು ಒಯ್ತಾರ" ಅಂದೆ.

"ಇರಲಿ. ಶರೀಫಜ್ಜ ಹೇಳಿದ ಸಾಮಾನು ನೋಡು. ರಾಟಿ, ಬಂಡಿ, ಸೋರೂ ಮನಿ, ಗಿರಣಿ. ಆವಾಗಿನ ಕಾಲಕ್ಕ ಗಿರಣಿ ಅಂದ್ರ ಹೊಸಾದು. ನಿಮ್ಮ ಭಾಷಾದಾಗ ಹೇಳಬೇಕಂದ್ರ ಕಂಪ್ಯೂಟರ್ ಇದ್ದಂಗ. ಆ ಅಜ್ಜ ಅದನ್ನ ಪದದಾಗ ತಂದ. ನೀ ದಿನಾ ಕಂಪ್ಯೂಟರ್ ಮುಂದ ಕುಂದರ್ತಿ, ನಿನ್ನ ಪದ್ಯದಾಗ ಒಲಿ ಐತಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬ್ಯಾಡಗಿಗೆ ಬಂದ ಮೇಲೆ ಮೆಣಸಿನಕಾಯಿ ಹೋಲಿಕೆ ಬರದೆ ಇರಲ್ಲ, ಕಾಕಾ ತಂದೇ ತಂದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಹೊಸ ಕವಿತೆಯೂ ಹಂಗೇ ಅಂದರು. ಇಲ್ಲಿ ಮಾತ್ರ ನಾನು ಬಿಡಲಿಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುವುದಕ್ಕೇ ಬ್ಯಾಡಗಿ ಕಾಯಿಗೆ ರೇಟು. ಅದರಿಂದ ಎಣ್ಣೆ ತೆಗೆದು ಲಿಪ್‌ಸ್ಟಿಕ್ಕಿಗೂ ಬಣ್ಣಕ್ಕೂ ಹಾಕುತ್ತಾರೆ. 2011ರಲ್ಲಿ ಜಿಐ ಟ್ಯಾಗು ಬಂದಿದ್ದೂ ಅದಕ್ಕೇ. ಖಾರ ಬೇಕಾದವರು ಗುಂಟೂರು ಕಾಯಿ ತಗೋತಾರೆ. ಕವಿತೆಯಲ್ಲೂ ಬಂಡಾಯದ ಖಾರ ಒಂದೇ ಅಳತೆ ಆಗಬಾರದು ಅಂದೆ. ಕಾಕಾ ಒಪ್ಪಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಬೇರೆ ಕಡೆಯಿಂದ ಹಿಡಿದರು. ಈಗ ಬ್ಯಾಡಗಿ ಮಾರ್ಕೆಟ್ಟಿಗೆ ಬರುವ ಮಾಲಿನಲ್ಲಿ ಬಹಳಷ್ಟು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬರುತ್ತದೆ. ಸುತ್ತಲಿನ ಹೊಲಗಳಲ್ಲಿ ಗೋವಿನಜೋಳ, ಹತ್ತಿ. ಹೆಸರು ಬ್ಯಾಡಗಿದು, ಬೆಳೆ ಬೇರೆ ಊರಿದು. "ಕವಿತಾದ್ದೂ ಅಷ್ಟ. ಹೆಸರು ಹಳ್ಳಿದು, ಬೆಳೀ ಬೆಂಗಳೂರಿಂದು." ಇದನ್ನು ಒಪ್ಪಿಕೊಂಡೆ.

ಒಪ್ಪಿಕೊಂಡರೂ ಒಂದು ಮಾತು ಹೇಳಲೇಬೇಕು. ಬೆಂಗಳೂರಿನಲ್ಲಿ ಕೂತು ಬರೆಯುವುದು ತಪ್ಪಲ್ಲ. ಬೆಂಗಳೂರಿನಲ್ಲಿ ಕೂತು ಬೆಂಗಳೂರನ್ನು ಬಿಟ್ಟು ಬರೆಯುವುದು ತಪ್ಪು. ಶ್ರುತಿ ಬಿ.ಆರ್. ಅವರ 'ಜೀರೋ ಬ್ಯಾಲೆನ್ಸ್' ಸಂಕಲನಕ್ಕೆ 2024ರ ಕೇಂದ್ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಬಂತು. ಹೆಸರು ನೋಡಿ. ಬ್ಯಾಂಕಿನ ಕೌಂಟರಿನಿಂದ ಎತ್ತಿದ ಶಬ್ದ. ಕಾಕಾನ ಅಂಗಡಿಗೆ ಬಂದ ಹುಡುಗನೊಬ್ಬ ಅದನ್ನು ಬ್ಯಾಂಕ್ ಪರೀಕ್ಷೆಯ ಪುಸ್ತಕ ಅಂತ ಎತ್ತಿಕೊಂಡನಂತೆ. ತೆರೆದು ನೋಡಿ, ಪದ್ಯ ಅಂತ ಗೊತ್ತಾಗಿ, ಆದರೂ ನಿಂತೇ ಎರಡು ಪುಟ ಓದಿ ಇಟ್ಟು ಹೋದನಂತೆ. "ನಿಂತು ಎರಡು ಪುಟ ಓದಿದ ನೋಡು, ಅದು ನನಗ ಮಾರಿದಂಗನ" ಅಂದರು. ಈ ಕಾಲದ ಒಂದು ಶಬ್ದ ತಲೆಬರಹಕ್ಕೆ ಬಂದರೆ ಈ ಕಾಲದ ಹುಡುಗನ ಕೈ ಅದರ ಕಡೆ ಹೋಗುತ್ತದೆ. ಕಟ್ಟಿಗೆ ಒಲೆಯ ಮುಖಪುಟಕ್ಕೆ ಹೋಗಲ್ಲ.

ಈ ಯುವ ಪುರಸ್ಕಾರದ ಪಟ್ಟಿಯನ್ನು ಒಮ್ಮೆ ಹಿಂದಿನಿಂದ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಅದು ಶುರುವಾದ 2011ರಲ್ಲಿ ವೀರಣ್ಣ ಮಡಿವಾಳರ, 2012ರಲ್ಲಿ ಆರಿಫ್ ರಾಜಾ, 2014ರಲ್ಲಿ ಕಾವ್ಯಾ ಕಡಮೆ, ಮೂವರಿಗೂ ಕವಿತೆಗೆ ಬಂತು. ಆಮೇಲೆ ಕತೆಗಾರರ ಸಾಲು. 2022ರಲ್ಲಿ ದಾದಾಪೀರ್ ಜೈಮನ್, 2023ರಲ್ಲಿ ಮಂಜುನಾಯಕ ಚಳ್ಳೂರು, ಇಬ್ಬರೂ ನಮ್ಮ ತುಂಗಭದ್ರೆಯ ಕೆಳಗಿನ ಸೀಮೆಯವರು, ಇಬ್ಬರದೂ ಕತೆ. ಪ್ರಶಸ್ತಿಯೇ ಅಳತೆ ಅಲ್ಲ ಅನ್ನುವುದು ಗೊತ್ತು. ಆದರೂ ಹೊಸ ಹುಡುಗರು ಕತೆಗೆ ಹೋದಷ್ಟು ಧೈರ್ಯವಾಗಿ ಕವಿತೆಗೆ ಹೋಗುತ್ತಿಲ್ಲ. ಕತೆಯಲ್ಲಿ ಪಾತ್ರ ಮಾತಾಡಲೇಬೇಕು. ಬಾಯಿ ತೆಗೆದರೆ ಅದು ಯಾವ ಊರು, ಯಾವ ಓಣಿ, ಯಾವ ವರ್ಷ ಅಂತ ಗೊತ್ತಾಗಿಬಿಡುತ್ತದೆ. ಅಲ್ಲಿ ಫೋಟೋ ಇಟ್ಟು ಪಾರಾಗಲು ಆಗಲ್ಲ.

ಆರಿಫ್ ರಾಜಾ ಅವರ 'ಜಂಗಮ ಫಕೀರನ ಜೋಳಿಗೆ'ಯನ್ನು ನಾನು ಕಾಕಾನಿಗೆ ಒತ್ತಾಯ ಮಾಡಿ ತರಿಸಿಕೊಟ್ಟಿದ್ದೆ. ಅದು ಅವರಿಗೆ ಅಷ್ಟು ಹಿಡಿಸಿಲ್ಲ. ಹಾಡಾಕ ಬರೂದಿಲ್ಲ ಅನ್ನುತ್ತಾರೆ. ನನಗೆ ಆ ಹೆಸರೇ ದೊಡ್ಡ ಮಾತು ಅನ್ನಿಸಿತ್ತು. ಜಂಗಮ, ಫಕೀರ, ಇಬ್ಬರ ಹೆಗಲಿಗೂ ಒಂದೇ ಜೋಳಿಗೆ. ಗೋವಿಂದ ಭಟ್ಟರ ಶಿಷ್ಯ ಶರೀಫರು ಇದ್ದ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಸ ಇಲ್ಲ, ಹಾಡಲು ಬರಲ್ಲ ಅನ್ನುವ ಕಾರಣಕ್ಕೆ ಕವಿತೆಯನ್ನು ಬದಿಗಿಡುವುದು ಕಾಕಾನ ತಪ್ಪು, ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಇದೇ ಜಿಲ್ಲೆಯ ಹತ್ತಿಮತ್ತೂರಿನ ಚಂಪಾ, 1964ರಿಂದ 'ಸಂಕ್ರಮಣ' ನಡೆಸಿದವರು, ಎಲ್ಲಾ ಪದ್ಯವನ್ನು ಹಾಡಲಿಕ್ಕೆ ಬರೆದರೇನು? ಆಡುಮಾತಿನಲ್ಲಿ ಕಿಡಿಗೇಡಿತನ ಮಾಡಿ ಬರೆದರು. ಜನ ನಕ್ಕರು, ಬೈದರು, ಓದಿದರು.

ಇನ್ನೊಂದು ತಪ್ಪೂ ಕಾಕಾನದೇ. ಕವಿತೆ ಹೋಗಲ್ಲ ಅಂತ ಕೆಳಗಿನ ಖಾನೆಗೆ ಹಾಕುತ್ತಾರೆ. ಕೆಳಗಿನ ಖಾನೆ ನೋಡಬೇಕಾದರೆ ಗಿರಾಕಿ ಕುಕ್ಕರುಗಾಲಲ್ಲಿ ಕೂತು ಜನರಲ್ ನಾಲೆಡ್ಜ್ ಗೈಡುಗಳ ಗಂಟು ಸರಿಸಬೇಕು. ಯಾರು ಸರಿಸುತ್ತಾರೆ? ಆಮೇಲೆ ಯಾರೂ ಕೇಳಲ್ಲ ಅಂತ ಅಟ್ಟಕ್ಕೆ.

ರಾಣೇಬೆನ್ನೂರಿಗೆ ಬಂದಾಗ ಮಧ್ಯಾಹ್ನ. ಕಾಕಾನ ಒಳ್ಳೆ ಗಿರಾಕಿಗಳು ಇರುವುದು ಈ ಊರಲ್ಲೇ. ಬೀಜದ ವ್ಯಾಪಾರದವರು, ಕಾಲೇಜಿನವರು, ರಿಟೈರ್ ಆದ ಮೇಷ್ಟ್ರುಗಳು. ಇಲ್ಲಿ ಕಾದಂಬರಿ ಹೋಗುತ್ತದೆ. ಭೈರಪ್ಪನವರದು ಯಾವಾಗಲೂ ಹೋಗುತ್ತಿತ್ತು, 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಮತ್ತಷ್ಟು ಕೇಳಿಕೊಂಡು ಬಂದರಂತೆ. ವಸುಧೇಂದ್ರರ 'ತೇಜೋ ತುಂಗಭದ್ರಾ' 2019ರಲ್ಲಿ ಬಂದಾಗ ಈ ಊರಿಗೇ ಹೆಚ್ಚು ಪ್ರತಿ ಮಾರಿದ್ದೇನೆ ಅಂದರು. ನದಿಯ ಹೆಸರು ನೋಡಿ ಕೊಂಡರು, ಲಿಸ್ಬನ್ನಿನ ಕತೆ ಓದಿ ಮುಗಿಸಿದರು. ಸಾಫ್ಟ್‌ವೇರ್ ಬಿಟ್ಟು ಪುಸ್ತಕಕ್ಕೆ ಬಂದ ಮನುಷ್ಯ ಅಂತ ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಆ ಕಾದಂಬರಿಯಲ್ಲಿ ಕೆಲವು ಕಡೆ ಓದಿಕೊಂಡು ಬಂದ ಮಾಹಿತಿ ಪಾತ್ರಗಳ ಹೆಗಲ ಮೇಲೆ ಕೂತಿದೆ ಅನ್ನಿಸಿತು. ಆದರೆ ಐನೂರು ವರ್ಷದ ಹಿಂದಿನ ಊರು ಕಣ್ಣಿಗೆ ಕಟ್ಟುತ್ತದೆ. ಐದು ವರ್ಷದ ಹಿಂದಿನ ಊರು ನಮ್ಮ ಕವಿತೆಗಳಲ್ಲಿ ಕಟ್ಟುವುದಿಲ್ಲ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗಿನ ವಿಷಯವನ್ನು ಕಾಕಾ ಬೇಸರ, ಖುಷಿ ಎರಡೂ ಸೇರಿಸಿ ಹೇಳಿದರು. ದೀಪಾ ಭಾಸ್ತಿಯವರು ಆರಿಸಿ ಇಂಗ್ಲಿಷಿಗೆ ಮಾಡಿದ ಹನ್ನೆರಡು ಕತೆಗಳು. "ಕನ್ನಡದಾಗ ಇಷ್ಟು ವರ್ಷ ಇದ್ದವು, ಒಬ್ಬರೂ ಕೇಳಲಿಲ್ಲ. ಲಂಡನ್ನದಾಗ ಬಹುಮಾನ ಬಂತು, ಮರುದಿನ ಮುಂಜಾನೆ ಆರು ಮಂದಿ ಬಂದು ಬೂಕರ್ ಐತೇನ್ರಿ ಅಂದ್ರು. ನನ್ನ ಕಡೆ ಒಂದೂ ಇರಲಿಲ್ಲ. ಅದು ನನ್ನ ತಪ್ಪು." ಇದೇ ಹಾವೇರಿಯಲ್ಲಿ 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆದಾಗ ಮುಸ್ಲಿಂ ಲೇಖಕರ ಹೆಸರು ಕಡಿಮೆ ಅಂತ ದೂರು ಎದ್ದಿತ್ತು, ಬೆಂಗಳೂರಿನಲ್ಲಿ ಬೇರೆಯೇ ಜನಸಾಹಿತ್ಯ ಸಮ್ಮೇಳನ ಆಗಿತ್ತು. ಶರೀಫರ ಜಿಲ್ಲೆಗೆ ಆ ದೂರು ಬರಬಾರದಿತ್ತು.

ಆ ಕತೆಗಳನ್ನು ನಾನು ಓದಿದ್ದು ಬೂಕರ್ ಬಂದ ಮೇಲೇ, ನಾನೇನು ದೊಡ್ಡ ಸಾಚಾ ಅಲ್ಲ. ಓದುವಾಗ ತಟ್ಟಿದ್ದು ಒಂದೇ. ಅಲ್ಲಿಯ ಹೆಂಗಸರು ಸುಮ್ಮನೆ ಕೂರುವುದಿಲ್ಲ. ಮಾತಾಡುತ್ತಾರೆ, ಜಗಳ ಮಾಡುತ್ತಾರೆ, ಲೆಕ್ಕ ಕೇಳುತ್ತಾರೆ. 'ಒಮ್ಮೆ ಹೆಣ್ಣಾಗು ಪ್ರಭುವೇ' ಅನ್ನುವ ಕತೆಯಲ್ಲಂತೂ ಹೆಣ್ಣು ದೇವರಿಗೇ ನೇರ ಮಾತಾಡುತ್ತಾಳೆ. ಅಲ್ಲಿಯ ತಾಯಿಯನ್ನು ನೋಡಿ ಆಮೇಲೆ ನನ್ನ ರೊಟ್ಟಿಯ ಅವ್ವನನ್ನು ನೋಡಿದರೆ, ನಾನು ಅವಳನ್ನು ಕೂರಿಸಿದ್ದು ಒಲೆಯ ಮುಂದೆ ಅಲ್ಲ, ಮೂಲೆಯಲ್ಲಿ ಅನ್ನಿಸುತ್ತದೆ.

ಕಾಲೇಜಿನ ಲೈಬ್ರರಿಯಲ್ಲಿ ಗಂಟು ಇಳಿಸಿ ಹೊರಗೆ ಬಂದಾಗ ನಾಲ್ಕು ಹುಡುಗರು ನಿಂತಿದ್ದರು. ಕಾಕಾ ಅಭ್ಯಾಸದಂತೆ ಕೇಳಿದರು: "ನಿಮ್ಮೂರಾಗ ಹುಟ್ಟಿದ ದೊಡ್ಡ ಕವಿ ಯಾರಪಾ?" ಯಾರಿಗೂ ಗೊತ್ತಿರಲಿಲ್ಲ. ಸು.ರಂ. ಎಕ್ಕುಂಡಿ, 1923ರಲ್ಲಿ ಇದೇ ರಾಣೇಬೆನ್ನೂರಿನಲ್ಲಿ ಹುಟ್ಟಿದವರು. ಉತ್ತರ ಕನ್ನಡದ ಬಂಕಿಕೊಡ್ಲದಲ್ಲಿ ಮೇಷ್ಟ್ರಾಗಿದ್ದರು. 'ಬಕುಳದ ಹೂವುಗಳು' ಸಂಕಲನಕ್ಕೆ 1992ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಕನ್ನಡದಲ್ಲಿ ಕಥನಕವನ ಅಂದರೆ ಮೊದಲು ನೆನಪಾಗುವ ಹೆಸರು. ನವ್ಯದ ಜೋರು ಇದ್ದಾಗಲೂ ಅವರು ಪದ್ಯದಲ್ಲಿ ಕತೆ ಹೇಳುವುದನ್ನು ಬಿಡಲಿಲ್ಲ. ಕತೆ ಅಂದ ಮೇಲೆ ಅಲ್ಲಿ ಜನ ಇರುತ್ತಾರೆ, ಜನ ಏನಾದರೂ ಮಾಡುತ್ತಾರೆ. ಬರೀ ಕಣ್ಣು ಒರೆಸಿಕೊಂಡು ಕೂರಲ್ಲ. ಕಾಕಾನಿಗೆ ಎಕ್ಕುಂಡಿ ಅಂದರೆ ಜೀವ, ಯಾವಾಗಲೂ ಎರಡು ಪ್ರತಿ ಇಟ್ಟಿರುತ್ತಾರೆ. "ಅವರ ಪುಸ್ತಕ ಎಷ್ಟು ಹೋಗ್ತಾವ?" ಅಂತ ಕೇಳಿದೆ. ಸ್ವಲ್ಪ ತಡೆದು, "ಅವೂ ಹೋಗೂದಿಲ್ಲ" ಅಂದರು.

ಕಾಕಾನ ಲೆಕ್ಕ ಇಲ್ಲಿಗೆ ಬಂದು ಸೋರಿತು. ಮಾರಾಟ ಆಗದ್ದೆಲ್ಲ ಕೆಟ್ಟದ್ದು ಅಂತ ಹೇಳಲು ಅವರಿಗೂ ಬಾಯಿ ಬರಲಿಲ್ಲ. ಎಕ್ಕುಂಡಿಯವರನ್ನೂ ನನ್ನನ್ನೂ ಒಂದೇ ಅಟ್ಟಕ್ಕೆ ಹಾಕುವ ಅಂಗಡಿ ವಿಮರ್ಶೆ ಮಾಡುತ್ತಿಲ್ಲ, ಜಾಗ ಖಾಲಿ ಮಾಡುತ್ತಿದೆ ಅಂದೆ. ಅವರು ಓಮ್ನಿ ಶುರು ಮಾಡಿದರು, ಮಾತಾಡಲಿಲ್ಲ. ಹೈವೇಗೆ ಬಂದ ಮೇಲೆ, "ಎಕ್ಕುಂಡಿಯವರ್ನ ಅಟ್ಟಕ್ಕ ಹಾಕೂದಿಲ್ಲ. ಕಣ್ಣಿನ ಮಟ್ಟಕ್ಕ ಒಂದು ಖಾನೆ ಮಾಡ್ತೇನಿ. ಇಪ್ಪತ್ತು ಪುಸ್ತಕ ಹಿಡಿಯೂವಷ್ಟು. ಅದರಾಗ ಯಾವ್ಯಾವ ಇಡಬೇಕು ನೀನ ಬರಕೊಡು. ನಿಂದು ಬಿಟ್ಟು" ಅಂದರು.

ಬರೆದುಕೊಟ್ಟೆ. ಇಪ್ಪತ್ತು ಹೆಸರು ಬರೆಯುವುದು ಕಷ್ಟವಾಯ್ತು. ಗೆಳೆಯರದು ಮೂರು ಬರೆದು ಹೊಡೆದು ಹಾಕಿದೆ. ಆ ಮೂವರು ಇದನ್ನು ಓದಿದರೆ ತಮ್ಮದೇ ಅಂತ ತಿಳಿದುಕೊಳ್ಳದೆ ಇರಲಿ.

ರಾತ್ರಿ ಅಂಗಡಿಯಲ್ಲಿ ಡಬ್ಬ ಇಳಿಸಿಕೊಳ್ಳುವಾಗ ಆ ವಾಪಸ್ ಬಂದ ಪ್ರತಿ ಕೈಗೆ ಸಿಕ್ಕಿತು. ಪಿಡಿಒ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯದು. ಪರೀಕ್ಷೆಯ ಪುಸ್ತಕ ಓದುವ ಅಭ್ಯಾಸದಲ್ಲೇ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾ ಓದಿದ್ದಾಳೆ. ಎರಡು ಪದ್ಯಕ್ಕೆ ರೈಟು ಹಾಕಿದ್ದಾಳೆ, ಒಂದು ಬಸ್ಸಿನ ಮೇಲೆ ಬರೆದದ್ದು, ಇನ್ನೊಂದು ನನ್ನ ಪಿಜಿಯ ರೂಮ್‌ಮೇಟ್ ಮೇಲೆ. ರೊಟ್ಟಿಯ ಪದ್ಯದ ಪಕ್ಕ ಸಣ್ಣ ಅಕ್ಷರದಲ್ಲಿ ಬರೆದಿದ್ದಾಳೆ: "ಅವ್ವಗ ಕೇಳಿ ಬರದೀರೇನ್ರಿ?"

ಆ ಪ್ರತಿಯನ್ನು ನಾನು ತಗೋತೀನಿ ಅಂದೆ. ಕಾಕಾ ಅರವತ್ತು ರೂಪಾಯಿ ತಗೊಂಡರು. ನನ್ನದೇ ಪುಸ್ತಕ ಅಂತ ಬಿಡಲಿಲ್ಲ.